ಸುಂಕ ಬದಲಾದಾಗ ಆನ್‌ಲೈನ್ ಮಾರಾಟಗಾರರ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಾನು ಸ್ವಂತ ವೆಬ್‌ಸೈಟ್ ಮತ್ತು ಒಂದು ಮಾರ್ಕೆಟ್‌ಪ್ಲೇಸ್ ಮೂಲಕ ಪ್ರಿಂಟ್ ಮಾಡಿದ ಟೀ ಶರ್ಟ್, ಬಟ್ಟೆ ಚೀಲ ಇಂಥವನ್ನು ಹೊರದೇಶಗಳಿಗೆ ಮಾರುತ್ತೇನೆ. ಜಾಸ್ತಿ ಗಿರಾಕಿಗಳು ಅಮೆರಿಕ ಮತ್ತು ಯುರೋಪಿನವರು. ಮೊದಲೆಲ್ಲ ಪಾರ್ಸೆಲ್ ಕಳಿಸಿದರೆ ಮುಗಿಯುತ್ತಿತ್ತು, ಸುಂಕದ ಮಾತೇ ಬರುತ್ತಿರಲಿಲ್ಲ. ಈಗ ದರ ಪದೇ ಪದೇ ಬದಲಾಗುತ್ತಿದೆ. ಬಾಗಿಲಲ್ಲಿ ಸುಂಕ ಕೇಳಿದರು ಅಂತ ಕೆಲವರು ಪಾರ್ಸೆಲ್ ತೆಗೆದುಕೊಳ್ಳಲೇ ಇಲ್ಲ. ನಾನು ಬೆಲೆ ಏರಿಸಬೇಕಾ, ಸುಂಕ ನಾನೇ ಕಟ್ಟಬೇಕಾ, ಇಲ್ಲಾ ಆ ದೇಶಗಳಿಗೆ ಮಾರುವುದನ್ನೇ ನಿಲ್ಲಿಸಬೇಕಾ?

ಉತ್ತರ: ಮಾರುವುದನ್ನು ನಿಲ್ಲಿಸಬೇಡಿ. ಆದರೆ ಗಿರಾಕಿಯ ಬಾಗಿಲಲ್ಲಿ ಸುಂಕ ಕೇಳುವ ಪದ್ಧತಿ ಇದೆಯಲ್ಲ, ಅದನ್ನು ಮೊದಲು ನಿಲ್ಲಿಸಿ. ನಿಮಗೆ ಈಗ ಆಗುತ್ತಿರುವ ನಷ್ಟದಲ್ಲಿ ಸುಂಕದ ದರದ ಪಾಲಿಗಿಂತ ಆ ಪದ್ಧತಿಯ ಪಾಲೇ ಜಾಸ್ತಿ ಇರಬಹುದು. ದರ ಏರಿದರೂ ವ್ಯಾಪಾರ ಉಳಿಯುತ್ತದೆ. ಹಣ ಕೊಟ್ಟು ಮುಗಿಸಿದೆ ಅಂದುಕೊಂಡ ಗಿರಾಕಿಗೆ ಇನ್ನೊಂದು ಬಿಲ್ ಹೋದರೆ ಮಾತ್ರ ಆ ಗಿರಾಕಿ ಮತ್ತೆ ಬರುವುದಿಲ್ಲ. ಬೆಲೆ ಏರಿಸುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಎಷ್ಟು ಏರಿಸಬೇಕು ಅನ್ನುವುದು ನೀವು ಇನ್‌ವಾಯ್ಸ್ ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಮೊದಲು ಸುಂಕದ ಮಾತೇ ಯಾಕೆ ಬರುತ್ತಿರಲಿಲ್ಲ ಅಂತ ನೋಡೋಣ. ಬಹಳಷ್ಟು ದೇಶಗಳಲ್ಲಿ ಒಂದು ಮಿತಿಗಿಂತ ಕಡಿಮೆ ಬೆಲೆಯ ಪಾರ್ಸೆಲ್‌ಗೆ ಸುಂಕ ಹಾಕುವುದಿಲ್ಲ. ವಸೂಲಿಯ ಖರ್ಚೇ ಜಾಸ್ತಿಯಾಗುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಇದಕ್ಕೆ ಡಿ ಮಿನಿಮಿಸ್ ಮಿತಿ ಎನ್ನುತ್ತಾರೆ. ಅಮೆರಿಕದಲ್ಲಿ ಈ ಮಿತಿ 200 ಡಾಲರ್ ಇತ್ತು, 2016ರಲ್ಲಿ ಅದನ್ನು 800 ಡಾಲರ್‌ಗೆ ಏರಿಸಿದರು. ಈಗಿನ ಕಾಲದ ಚಿಕ್ಕ ಆನ್‌ಲೈನ್ ರಫ್ತು ಬೆಳೆದದ್ದೇ ಈ ಬಾಗಿಲಿನಿಂದ. 2024ರ ಹಣಕಾಸು ವರ್ಷದಲ್ಲಿ ಅಮೆರಿಕಕ್ಕೆ ಹೀಗೆ ಸುಂಕವಿಲ್ಲದೆ ಬಂದ ಪಾರ್ಸೆಲ್‌ಗಳು 136 ಕೋಟಿಗೂ ಹೆಚ್ಚು. ಅಷ್ಟೂ ಮಾರಾಟಗಾರರಿಗೆ ಸುಂಕ ಅನ್ನುವುದು ಬೇರೆ ಯಾರದೋ ತಲೆನೋವಾಗಿತ್ತು.

ಆ ಬಾಗಿಲು ಮುಚ್ಚಿದ ರೀತಿಯನ್ನು ಗಮನಿಸಿ, ಯಾಕೆಂದರೆ ಮುಂದೆಯೂ ಬದಲಾವಣೆಗಳು ಹೀಗೇ ಬರಬಹುದು. 2025ರ ಫೆಬ್ರವರಿ 4ರಂದು ಚೀನಾದ ಸರಕಿಗೆ ಈ ವಿನಾಯಿತಿ ರದ್ದಾಯಿತು. ಅಮೆರಿಕದ ಅಂಚೆ ಇಲಾಖೆ ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ ಪಾರ್ಸೆಲ್‌ಗಳನ್ನು ನಿಲ್ಲಿಸಿತು, ಒಂದು ದಿನ ಕಳೆಯುವ ಮೊದಲೇ ಮತ್ತೆ ತೆಗೆದುಕೊಳ್ಳತೊಡಗಿತು. ಫೆಬ್ರವರಿ 7ಕ್ಕೆ ವಿನಾಯಿತಿಯೇ ವಾಪಸ್ ಬಂತು, ಯಾಕೆಂದರೆ ಅಷ್ಟು ಪಾರ್ಸೆಲ್‌ಗಳಿಂದ ಸುಂಕ ವಸೂಲಿ ಮಾಡುವ ವ್ಯವಸ್ಥೆ ಸಿದ್ಧವಾಗಿರಲಿಲ್ಲ. ಏಪ್ರಿಲ್ 2ರಂದು ಮತ್ತೆ ಆದೇಶ ಬಂತು: ಚೀನಾದ ಅಂಚೆ ಪಾರ್ಸೆಲ್‌ಗೆ ಶೇ 30, ಇಲ್ಲವೇ ಒಂದು ವಸ್ತುವಿಗೆ 25 ಡಾಲರ್. ಏಪ್ರಿಲ್ 8ಕ್ಕೆ ಅದು ಶೇ 90 ಆಯಿತು. ಮರುದಿನವೇ ಶೇ 120. ಮೇ 2ಕ್ಕೆ ಜಾರಿಗೆ ಬಂತು. ಮೇ 14ಕ್ಕೆ ಶೇ 54ಕ್ಕೆ ಇಳಿಯಿತು. ಆರೇ ವಾರದಲ್ಲಿ ಒಂದೇ ಪಾರ್ಸೆಲ್‌ಗೆ ನಾಲ್ಕು ದರ. ಕೊನೆಗೆ ಆಗಸ್ಟ್ 29ರಂದು ಎಲ್ಲ ದೇಶಗಳಿಗೂ ವಿನಾಯಿತಿ ನಿಂತಿತು.

ಆ ಆಗಸ್ಟ್‌ನಲ್ಲಿ ಏನಾಯಿತು ಅನ್ನುವುದು ಚಿಕ್ಕ ಮಾರಾಟಗಾರರಿಗೆ ಬಹಳ ಮುಖ್ಯ. ಸುಂಕವನ್ನು ಯಾರು ಸಂಗ್ರಹಿಸಬೇಕು, ಹೇಗೆ ಕಟ್ಟಬೇಕು ಅನ್ನುವುದು ಸ್ಪಷ್ಟವಾಗಿರಲಿಲ್ಲ. ಹಾಗಾಗಿ ಒಂದೊಂದೇ ದೇಶದ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ಕಳಿಸುವುದನ್ನೇ ನಿಲ್ಲಿಸಿತು. ಅಂತಾರಾಷ್ಟ್ರೀಯ ಅಂಚೆ ಒಕ್ಕೂಟ ಕೊಟ್ಟ ಲೆಕ್ಕದ ಪ್ರಕಾರ 88 ಅಂಚೆ ಸಂಸ್ಥೆಗಳು ಸೇವೆಯನ್ನು ಪೂರ್ತಿ ಅಥವಾ ಭಾಗಶಃ ನಿಲ್ಲಿಸಿದವು. ಅಮೆರಿಕಕ್ಕೆ ಹೋಗುವ ಅಂಚೆಯ ಪ್ರಮಾಣ ಒಂದು ವಾರದ ಹಿಂದಿನದಕ್ಕೆ ಹೋಲಿಸಿದರೆ ಶೇ 80ಕ್ಕೂ ಹೆಚ್ಚು ಕುಸಿಯಿತು. ಶೇ 10 ಸುಂಕವಿದ್ದ ದೇಶದವರಿಗೂ ಅಷ್ಟೇ, ಶೇ 50 ಇದ್ದವರಿಗೂ ಅಷ್ಟೇ: ಪಾರ್ಸೆಲ್ ಹೋಗಲೇ ಇಲ್ಲ. ಸುಂಕ ಬದಲಾದಾಗ ಮೊದಲು ಕೈಕೊಡುವುದು ಸಾಗಾಟ, ಬೆಲೆಯ ಚಿಂತೆ ಆಮೇಲಿನದು. ಒಂದೇ ಅಂಚೆ ಅಥವಾ ಒಂದೇ ಕೊರಿಯರ್ ನಂಬಿಕೊಂಡಿದ್ದವರ ವ್ಯಾಪಾರ ಆ ವಾರಗಳಲ್ಲಿ ಪೂರ್ತಿ ನಿಂತಿತು. ನಿಮ್ಮ ಮಟ್ಟದ ವ್ಯಾಪಾರಕ್ಕೂ ಎರಡು ದಾರಿ ಬೇಕು. ಎರಡನೆಯದು ದುಬಾರಿಯಾದರೂ ಪರವಾಗಿಲ್ಲ, ಖಾತೆ ತೆರೆದು ಇಟ್ಟುಕೊಂಡಿರಿ.

ಇದು ಬರೀ ಅಮೆರಿಕದ ಕತೆ ಅಂದುಕೊಳ್ಳಬೇಡಿ. ಯುರೋಪಿಯನ್ ಒಕ್ಕೂಟ 22 ಯುರೋ ಒಳಗಿನ ಪಾರ್ಸೆಲ್‌ಗಿದ್ದ ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ವಿನಾಯಿತಿಯನ್ನು 2021ರ ಜುಲೈ 1ರಂದೇ ತೆಗೆದುಹಾಕಿತು. ಸುಂಕಕ್ಕೆ ಮಾತ್ರ 150 ಯುರೋ ಮಿತಿ ಉಳಿದಿತ್ತು. ಅದಕ್ಕೂ ಕೊನೆ ಹಾಡುವ ತೀರ್ಮಾನವಾಗಿದೆ. 2026ರ ಜುಲೈ 1ರಿಂದ 150 ಯುರೋ ಒಳಗಿನ ಪಾರ್ಸೆಲ್‌ನಲ್ಲಿರುವ ಒಂದೊಂದು ಬಗೆಯ ವಸ್ತುವಿಗೂ 3 ಯುರೋ ಸುಂಕ ಅಂತ 2025ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು. ಇಲ್ಲಿ ಬಗೆ ಅಂದರೆ ಬೇರೆ ಬೇರೆ ಸುಂಕದ ಕೋಡ್, ಅಂದರೆ ಕಸ್ಟಮ್ಸ್‌ನವರು ಒಂದೊಂದು ಬಗೆಯ ಸರಕಿಗೂ ಕೊಟ್ಟಿರುವ ಸಂಖ್ಯೆ. ಒಂದೇ ಪಾರ್ಸೆಲ್‌ನಲ್ಲಿ ಒಂದು ಟೀ ಶರ್ಟ್ ಮತ್ತು ಒಂದು ಚೀಲ ಹಾಕಿದರೆ ಎರಡು ಬಗೆ, 6 ಯುರೋ. ಒಂದೇ ಕೋಡ್‌ನ ಎರಡು ಟೀ ಶರ್ಟ್ ಆದರೆ ಒಂದು ಬಗೆ. ನಿಮ್ಮ ಕಾಂಬೋ ಆಫರ್‌ಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಬ್ರಿಟನ್‌ನಲ್ಲಿ 2021ರ ಜನವರಿ 1ರಿಂದ 135 ಪೌಂಡ್ ಒಳಗಿನ ಸರಕಿನ ವ್ಯಾಟನ್ನು ಮಾರುವಾಗಲೇ ವಸೂಲಿ ಮಾಡಬೇಕು. ಬ್ರೆಜಿಲ್ 2024ರ ಆಗಸ್ಟ್‌ನಿಂದ 50 ಡಾಲರ್ ಒಳಗಿನ ಖರೀದಿಗೂ ಶೇ 20 ಸುಂಕ ಹಾಕತೊಡಗಿತು. ದಿಕ್ಕು ಎಲ್ಲ ಕಡೆಯೂ ಒಂದೇ: ಚಿಕ್ಕ ಪಾರ್ಸೆಲ್‌ಗೆ ರಿಯಾಯಿತಿ ಹೋಗುತ್ತಿದೆ. ಹಳೆಯ ದಿನಗಳು ವಾಪಸ್ ಬರುತ್ತವೆ ಅಂತ ಕಾದು ಕೂರುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಂತೂ 2027ರ ಜುಲೈ 1ರಿಂದ ಈ ವಿನಾಯಿತಿಯೇ ಇರಬಾರದು ಅಂತ ಕಾನೂನನ್ನೇ ಮಾಡಿಟ್ಟಿದ್ದಾರೆ. ಅಧ್ಯಕ್ಷರ ಆದೇಶ ಬಿದ್ದುಹೋದರೂ ಆ ಕಾನೂನು ಇದ್ದೇ ಇರುತ್ತದೆ.

ಈಗ ನಿಮ್ಮ ಟೀ ಶರ್ಟ್‌ಗೆ ಬರೋಣ. ಅದರ ಮೇಲೆ ಬೀಳುವ ಸುಂಕವನ್ನು ತೀರ್ಮಾನಿಸುವುದು ಮೂರು ವಿಷಯ: ಅದರ ಕೋಡ್ ಏನು, ಅದು ತಯಾರಾದ ದೇಶ ಯಾವುದು, ಅದರ ಬೆಲೆ ಎಷ್ಟು.

ಕೋಡ್ ಅಂದರೆ ಎಚ್‌ಎಸ್ ಕೋಡ್. ಮೊದಲ ಆರು ಅಂಕಿ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಒಂದೇ. ಮುಂದಿನ ಅಂಕಿಗಳನ್ನು ಆಯಾ ದೇಶ ಸೇರಿಸಿಕೊಳ್ಳುತ್ತದೆ. ಹತ್ತಿಯ ಹೆಣೆದ ಬಟ್ಟೆಯ ಟೀ ಶರ್ಟ್ 6109.10ರಲ್ಲಿ ಬರುತ್ತದೆ, ಪಾಲಿಯೆಸ್ಟರ್‌ನದು 6109.90ರಲ್ಲಿ. ನೋಡುವುದಕ್ಕೆ ಎರಡೂ ಒಂದೇ. ಆದರೆ ಅಮೆರಿಕದ ಮೂಲ ಸುಂಕ ಹತ್ತಿಯದಕ್ಕೆ ಶೇ 16.5, ಪಾಲಿಯೆಸ್ಟರ್‌ನದಕ್ಕೆ ಶೇ 32. ಇದು ಹೊಸದಾಗಿ ಹೇರಿದ ಸುಂಕ ಅಲ್ಲ, ಮೊದಲಿನಿಂದಲೂ ಇರುವುದು. ವಿನಾಯಿತಿ ಇದ್ದಾಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಅಷ್ಟೆ. ಮಿಶ್ರ ಬಟ್ಟೆಯಾದರೆ ಯಾವ ನೂಲಿನ ತೂಕ ಜಾಸ್ತಿಯೋ ಅದರ ಕೋಡ್. ಶೇ 60 ಹತ್ತಿ ಇದ್ದರೆ ಹತ್ತಿ. ಶೇ 60 ಪಾಲಿಯೆಸ್ಟರ್ ಇದ್ದರೆ ಸುಂಕ ಹೆಚ್ಚುಕಡಿಮೆ ಎರಡು ಪಟ್ಟು. ನಿಮಗೆ ಬಟ್ಟೆ ಕೊಡುವವರ ಹತ್ತಿರ ನೂಲಿನ ಪ್ರಮಾಣವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಲೇಬಲ್ಲಿನಲ್ಲೂ ಇನ್‌ವಾಯ್ಸ್‌ನಲ್ಲೂ ಅದೇ ಇರಲಿ. ಸುಮ್ನೆ ‘ಬಟ್ಟೆ’ ಅಥವಾ ‘ಗಾರ್ಮೆಂಟ್’ ಅಂತ ಬರೆದು ಕಳಿಸಿದರೆ ಕೋಡ್ ಹಾಕುವವರು ಕೊರಿಯರ್‌ನವರು. ಅವರು ನಿಮಗೆ ಕಡಿಮೆ ಬೀಳುವ ಕೋಡ್ ಹುಡುಕುತ್ತಾ ಕೂರುವುದಿಲ್ಲ.

ಅನುಮಾನ ಇದ್ದರೆ ಕಸ್ಟಮ್ಸ್‌ನವರನ್ನೇ ಮುಂಚಿತವಾಗಿ ಕೇಳಬಹುದು. ಇದಕ್ಕೆ ಅಡ್ವಾನ್ಸ್ ರೂಲಿಂಗ್ ಎನ್ನುತ್ತಾರೆ. 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದದಲ್ಲಿ ಸದಸ್ಯ ದೇಶಗಳು ಇಂಥ ವ್ಯವಸ್ಥೆ ಕೊಡಬೇಕು ಅಂತಲೇ ಇದೆ. ಯುರೋಪಿನಲ್ಲಿ ಈ ತೀರ್ಮಾನ 3 ವರ್ಷ ನಡೆಯುತ್ತದೆ. ಅಮೆರಿಕದ ಕಸ್ಟಮ್ಸ್ ತಾನು ಹಿಂದೆ ಕೊಟ್ಟ ತೀರ್ಮಾನಗಳನ್ನು ಯಾರು ಬೇಕಾದರೂ ಹುಡುಕಿ ಓದುವ ಹಾಗೆ ಇಟ್ಟಿದೆ. ನಿಮ್ಮಂಥದ್ದೇ ವಸ್ತುವಿನ ತೀರ್ಮಾನ ಅಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಅರ್ಜಿ ಹಾಕುವ ಮೊದಲು ಅದನ್ನು ಓದಿ.

ಎರಡನೆಯದು ತಯಾರಾದ ದೇಶ. ಇಲ್ಲಿ ಎಡವುವವರು ಬಹಳ. ಸುಂಕ ನೋಡುವುದು ವಸ್ತು ಎಲ್ಲಿ ತಯಾರಾಯಿತು ಅಂತ, ಎಲ್ಲಿಂದ ಪಾರ್ಸೆಲ್ ಮಾಡಿದಿರಿ ಅಂತ ಅಲ್ಲ. ನೀವು ಖಾಲಿ ಟೀ ಶರ್ಟ್ ಚೀನಾದಿಂದ ತರಿಸಿ, ನಿಮ್ಮಲ್ಲಿ ಪ್ರಿಂಟ್ ಹಾಕಿ ಅಮೆರಿಕಕ್ಕೆ ಕಳಿಸಿದರೆ ಅದು ಚೀನಾದ್ದೇ. ಬರೀ ಪ್ರಿಂಟ್ ಹಾಕಿದರೆ ಮೂಲ ದೇಶ ಬದಲಾಗುವುದಿಲ್ಲ. ಬಟ್ಟೆ ಕತ್ತರಿಸಿ ಪೂರ್ತಿ ಹೊಲಿದರೆ ಮಾತು ಬೇರೆ. ಪ್ರಿಂಟ್ ಆನ್ ಡಿಮಾಂಡ್ ಮಾಡುವ ನಿಮ್ಮಂಥವರಿಗೆ ಇದೇ ದೊಡ್ಡ ಪ್ರಶ್ನೆ: ನಿಮ್ಮ ಖಾಲಿ ಶರ್ಟ್ ಹೊಲಿದದ್ದು ಎಲ್ಲಿ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ ತಿಳಿದುಕೊಳ್ಳಿ. ಬೇರೆ ದೇಶದ ಹೆಸರು ಹಾಕಿ ದಾಟಿಸಿದರೆ ಶಿಕ್ಷೆಯೂ ಭಾರಿ. ಸುಂಕ ತಪ್ಪಿಸಲೆಂದೇ ಮೂರನೇ ದೇಶದ ಮೂಲಕ ಸುತ್ತಿಸಿ ತಂದ ಸರಕಿಗೆ ಶೇ 40 ಸುಂಕ ಅಂತ ಅಮೆರಿಕ 2025ರ ಆಗಸ್ಟ್ 7ರಿಂದ ನಿಯಮ ಮಾಡಿತ್ತು, ದಂಡ ಅದರ ಮೇಲೆ ಬೇರೆ.

ಮೂರನೆಯದು ಬೆಲೆ. ನಿಮ್ಮ ಕೈಯಲ್ಲಿ ನಿಜಕ್ಕೂ ಇರುವುದು ಇದು. ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಶರ್ಟನ್ನು ಶಿಪ್ಪಿಂಗ್ ಫ್ರೀ ಅಂತ 40 ಡಾಲರ್‌ಗೆ ಮಾರುತ್ತಿದ್ದೀರಿ ಅಂದುಕೊಳ್ಳಿ. ಶರ್ಟಿನ ಖರ್ಚು 14. ಕೊರಿಯರ್‌ಗೆ 9. ಮಾರ್ಕೆಟ್‌ಪ್ಲೇಸ್ ಮತ್ತು ಪೇಮೆಂಟ್ ಕಮಿಷನ್ ಶೇ 15, ಅಂದರೆ 6. ನಿಮಗೆ ಉಳಿಯುವುದು 11 ಡಾಲರ್. ಈಗ ಶೇ 20 ಸುಂಕ ಬಂತು. 40ಕ್ಕೆ ಶೇ 20 ಅಂದರೆ 8. ಅದನ್ನು ನೀವೇ ನುಂಗಿದರೆ ಉಳಿಯುವುದು 3. ಕೊರಿಯರ್‌ನವರು ಸುಂಕ ಕಟ್ಟಿದ್ದಕ್ಕೆ ಹಾಕುವ ಶುಲ್ಕ ಸೇರಿಸಿದರೆ ಆ ಮೂರೂ ಇಲ್ಲ. ಹಾಗಾಗಿ ಮಾರ್ಜಿನ್ ತುಂಬಾ ಇರುವ ವಸ್ತುವಿನ ಹೊರತು ಸುಂಕವನ್ನು ನೀವೇ ನುಂಗುವ ಮಾತು ಬೇಡ.

ಹಾಗಾದರೆ ಬೆಲೆಯನ್ನು 48ಕ್ಕೆ ಏರಿಸಿದರೆ ಸರಿಹೋಯಿತಲ್ವಾ? ಇಲ್ಲ. 48ರ ಮೇಲೆ ಸುಂಕ 9.60 ಆಯಿತು. ಕಮಿಷನ್ 7.20 ಆಯಿತು. ನಿಮಗೆ ಉಳಿದದ್ದು 8.20. ಮೊದಲಿನ 11 ಡಾಲರ್ ಬೇಕು ಅಂದರೆ ಬೆಲೆ 52.30 ಆಗಬೇಕು. ಶೇ 20 ಸುಂಕಕ್ಕೆ ಶೇ 30ಕ್ಕಿಂತ ಜಾಸ್ತಿ ಬೆಲೆ ಏರಿಕೆ! ಸುಂಕವನ್ನು ಬೆಲೆಯೊಳಗೆ ಸೇರಿಸಿದರೆ ಸುಂಕದ ಮೇಲೂ ಸುಂಕ, ಸುಂಕದ ಮೇಲೂ ಕಮಿಷನ್. ಬೆಲೆ ಏರಿಸಿದ ಮೇಲೂ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗದೆ ಒದ್ದಾಡುವ ಮಾರಾಟಗಾರರ ಸಮಸ್ಯೆ ಬಹುಪಾಲು ಇದೇ.

ಈಗ ಅದೇ ಶರ್ಟನ್ನು ಬೇರೆ ಥರ ಬರೆಯೋಣ. ವಿಶ್ವ ವ್ಯಾಪಾರ ಸಂಸ್ಥೆಯ ಮೌಲ್ಯ ನಿರ್ಧಾರದ ನಿಯಮದಲ್ಲಿ ಒಂದು ಮಾತಿದೆ: ಆಮದು ದೇಶದ ಸುಂಕ ಮತ್ತು ತೆರಿಗೆಯನ್ನು ಬೆಲೆಯಿಂದ ಬೇರೆಯಾಗಿ ತೋರಿಸಿದರೆ ಅದನ್ನು ಸುಂಕದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಸಾಗಾಟದ ವಿಷಯದಲ್ಲಿ ದೇಶಗಳು ಎರಡು ಬಗೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಅಂತಾರಾಷ್ಟ್ರೀಯ ಸಾಗಾಟದ ಖರ್ಚನ್ನು ಬಿಟ್ಟು ಸುಂಕ ಲೆಕ್ಕ ಹಾಕುತ್ತವೆ. ಯುರೋಪಿಯನ್ ಒಕ್ಕೂಟ, ಬ್ರಿಟನ್, ಜಪಾನ್ ಅದನ್ನೂ ಸೇರಿಸಿ ಹಾಕುತ್ತವೆ. ಅಂದರೆ ಅಮೆರಿಕದ ಗಿರಾಕಿಗೆ ಶರ್ಟು, ಸಾಗಾಟ, ಸುಂಕ ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿದರೆ ಸುಂಕ ಬೀಳುವುದು ಶರ್ಟಿನ ಬೆಲೆಗೆ ಮಾತ್ರ. ಶರ್ಟಿಗೆ 32.13, ಸಾಗಾಟಕ್ಕೆ 9, ಸುಂಕ 6.43. ಒಟ್ಟು 47.56. ಅಷ್ಟಕ್ಕೂ ಕಮಿಷನ್ ಕೊಟ್ಟ ಮೇಲೆ ನಿಮಗೆ ಉಳಿಯುವುದು ಅದೇ 11 ಡಾಲರ್. ಗಿರಾಕಿಗೆ 52.30ರ ಬದಲು 47.56. ಸುಮಾರು ಐದು ಡಾಲರ್ ವ್ಯತ್ಯಾಸ ಬಂದದ್ದು ಇನ್‌ವಾಯ್ಸ್ ಬರೆದ ರೀತಿಯಿಂದ, ಪೂರ್ತಿ ಕಾನೂನಿನ ಒಳಗೇ. ‘ಫ್ರೀ ಶಿಪ್ಪಿಂಗ್’ ಅಂತ ಹಾಕಿದರೆ ಕೊರಿಯರ್ ಖರ್ಚಿನ ಮೇಲೂ ಸುಂಕ ಕಟ್ಟುತ್ತಿರುತ್ತೀರಿ. ಸುಂಕವಿಲ್ಲದ ಕಾಲದಲ್ಲಿ ಆ ಫಲಕ ಒಳ್ಳೆಯದೇ ಇತ್ತು. ಅಮೆರಿಕದ ಮಾರಾಟಕ್ಕೆ ಈಗ ಅದನ್ನು ತೆಗೆಯಿರಿ ಅನ್ನುವುದು ನನ್ನ ಸಲಹೆ.

ಒಂದು ಎಚ್ಚರಿಕೆ. ಸಾಗಾಟದ ಸಾಲಿನಲ್ಲಿ ಬರೆಯುವುದು ನೀವು ನಿಜವಾಗಿ ಕೊಟ್ಟ ಖರ್ಚೇ ಆಗಿರಬೇಕು. ಶರ್ಟಿನ ಬೆಲೆ ಇಳಿಸಿ ಸಾಗಾಟಕ್ಕೆ 25 ಅಂತ ಬರೆದರೆ ಅದು ಮೋಸ. ಕೊರಿಯರ್ ಬಿಲ್ ಕೇಳಿದ ದಿನ ಸಿಕ್ಕಿಬೀಳುತ್ತೀರಿ. ಗಿರಾಕಿಗೆ ಹೋಗುವ ಬಿಲ್, ಕಸ್ಟಮ್ಸ್‌ಗೆ ಹೋಗುವ ಇನ್‌ವಾಯ್ಸ್, ಬ್ಯಾಂಕಿಗೆ ಬಂದ ಹಣ ಮೂರೂ ತಾಳೆಯಾಗಬೇಕು.

ಯುರೋಪಿನಲ್ಲಿ ಈ ದಾರಿ ಅರ್ಧ ಮಾತ್ರ ನಡೆಯುತ್ತದೆ, ಅಲ್ಲಿ ವ್ಯಾಟ್ ಬೇರೆ ಸೇರಿಕೊಳ್ಳುತ್ತದೆ. ಸರಕು 200 ಯುರೋ, ಸಾಗಾಟ 20 ಅಂತಿಟ್ಟುಕೊಳ್ಳಿ. ಟೀ ಶರ್ಟಿನ ಸುಂಕ ಶೇ 12, ಅದು 220ರ ಮೇಲೆ: 26.40. ಆಮೇಲೆ ಇಷ್ಟೂ ಸೇರಿದ ಮೊತ್ತಕ್ಕೆ ವ್ಯಾಟ್. ಶೇ 20 ಇರುವ ದೇಶವಾದರೆ 49.28. ಪರದೆಯಲ್ಲಿ 220 ನೋಡಿ ಹಣ ಕೊಟ್ಟ ಗಿರಾಕಿಗೆ ಒಟ್ಟು 295.68 ಬೀಳುತ್ತದೆ. ಉಳಿದ 75 ಯುರೋವನ್ನು ಬಾಗಿಲಲ್ಲಿ ಕೇಳಿದರೆ ಯಾರಾದರೂ ಪಾರ್ಸೆಲ್ ಬೇಡ ಅನ್ನುತ್ತಾರೆ. ಅದು ಅವರ ತಪ್ಪಲ್ಲ.

ಹಾಗಾಗಿ ನಿಮ್ಮ ಮುಖ್ಯ ಪ್ರಶ್ನೆಗೆ ಬಂದೆವು: ಸುಂಕ ಯಾರು ಕಟ್ಟಬೇಕು? ಎರಡು ಪದ್ಧತಿ ಇವೆ. ಡಿಎಪಿ ಅಂದರೆ ಸರಕು ಮುಟ್ಟಿಸುವುದು ನಿಮ್ಮದು, ಸುಂಕ ಕಟ್ಟುವುದು ಗಿರಾಕಿಯದು. ಡಿಡಿಪಿ ಅಂದರೆ ಸುಂಕವನ್ನೂ ನೀವೇ ಕಟ್ಟಿ ಮುಟ್ಟಿಸುವುದು. ಈಗ ನೀವು ಬಳಸುತ್ತಿರುವುದು ಡಿಎಪಿ. ಅದು ಮಾರಾಟಗಾರರಿಗೆ ಸುಲಭ ಅನ್ನಿಸುತ್ತದೆ. ಆದರೆ ಪಾರ್ಸೆಲ್ ತಿರಸ್ಕಾರವಾದಾಗ ಹೋಗುವ ಕೊರಿಯರ್, ಬರುವ ಕೊರಿಯರ್, ಗೋದಾಮಿನ ಬಾಡಿಗೆ, ಕೆಟ್ಟ ರೇಟಿಂಗ್, ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಎಷ್ಟೋ ಸಲ ಸರಕು ವಾಪಸ್ ತರಿಸುವುದಕ್ಕಿಂತ ಅಲ್ಲೇ ಬಿಟ್ಟುಬಿಡುವುದು ಅಗ್ಗ.

ನನ್ನ ಮಾತು ಸ್ಪಷ್ಟ: ಡಿಡಿಪಿಗೆ ಹೋಗಿ, ಸುಂಕವನ್ನು ಚೆಕ್‌ಔಟ್‌ನಲ್ಲೇ ಬೇರೆ ಸಾಲಾಗಿ ತೋರಿಸಿ ಗಿರಾಕಿಯಿಂದಲೇ ಪಡೆಯಿರಿ. ಹಣ ಕೊನೆಗೆ ಹೋಗುವುದು ಗಿರಾಕಿಯ ಜೇಬಿನಿಂದಲೇ, ಆದರೆ ಬಟನ್ ಒತ್ತುವ ಮೊದಲೇ ಅವರಿಗೆ ಮೊತ್ತ ಗೊತ್ತಿರುತ್ತದೆ. ಕೆಲವರು ಮೊತ್ತ ನೋಡಿ ಕೊಳ್ಳದೆ ಹೋಗುತ್ತಾರೆ. ಹೋಗಲಿ ಬಿಡಿ. ಅಲ್ಲಿ ನಿಮಗೆ ಒಂದು ರೂಪಾಯಿಯೂ ಖರ್ಚಿಲ್ಲ. ಬಾಗಿಲಲ್ಲಿ ಬೇಡ ಅನ್ನುವ ಗಿರಾಕಿಗೆ ಹೋಲಿಸಿದರೆ ಚೆಕ್‌ಔಟ್‌ನಲ್ಲಿ ಬೇಡ ಅನ್ನುವ ಗಿರಾಕಿ ಎಷ್ಟೋ ವಾಸಿ. ಯುರೋಪಿಗೆ 150 ಯುರೋ ಒಳಗಿನ ಮಾರಾಟವಾದರೆ ಐಒಎಸ್‌ಎಸ್ ನೋಂದಣಿ ಇದೆ, ವ್ಯಾಟನ್ನು ಮಾರುವಾಗಲೇ ಪಡೆದು ಒಂದೇ ಕಡೆ ಕಟ್ಟಬಹುದು. ಮಾರ್ಕೆಟ್‌ಪ್ಲೇಸ್ ಮೂಲಕ ಮಾರಿದರೆ ಬಹಳ ಸಲ ಅವರೇ ಅದನ್ನು ನೋಡಿಕೊಳ್ಳುತ್ತಾರೆ. ಆ ನೋಂದಣಿ ಸಂಖ್ಯೆ ಪಾರ್ಸೆಲ್‌ನ ಮಾಹಿತಿಯಲ್ಲಿ ಸರಿಯಾಗಿ ಹೋಗಿದೆಯಾ ಅಂತ ನೀವು ನೋಡಬೇಕು. ಇಲ್ಲದಿದ್ದರೆ ಗಿರಾಕಿ ಎರಡು ಸಲ ವ್ಯಾಟ್ ಕಟ್ಟಬೇಕಾಗುತ್ತದೆ.

ದರ ಬದಲಾಗುವ ದಿನದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಸರಕು ಕಸ್ಟಮ್ಸ್‌ಗೆ ದಾಖಲಾದ ದಿನ. ಆರ್ಡರ್ ಬಂದ ದಿನ ಅಲ್ಲ, ನೀವು ಕಳಿಸಿದ ದಿನವೂ ಅಲ್ಲ. ಕೆಲವು ಆದೇಶಗಳಲ್ಲಿ ‘ಈ ತಾರೀಖಿನೊಳಗೆ ಹಡಗಿಗೆ ಏರಿಸಿದ ಸರಕಿಗೆ ಹಳೆಯ ದರ’ ಅಂತ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಇದು ಸಿಗುವುದಿಲ್ಲ, ಆದೇಶವನ್ನೇ ಓದಬೇಕು. ಆರ್ಡರ್ ಬಂದ ಮೇಲೆ ತಯಾರಿಸಿ ಕಳಿಸುವವರಿಗೆ ಅಪಾಯ ಜಾಸ್ತಿ, ಯಾಕೆಂದರೆ ಹಣ ಪಡೆದ ದಿನಕ್ಕೂ ಸರಕು ಗಡಿ ಮುಟ್ಟುವ ದಿನಕ್ಕೂ ನಡುವೆ ವಾರಗಳೇ ಕಳೆಯುತ್ತವೆ. ಇಂಥ ವಸ್ತುಗಳಿಗೆ ಸುಂಕದ ಸಾಲಿನ ಜತೆ ‘ಈ ಮೊತ್ತ ಇಂಥ ದಿನದವರೆಗೆ’ ಅಂತ ಬರೆಯಿರಿ. ಹೊಸ ದರ ಜಾರಿಯಾಗುವ ತಾರೀಖು ಗೊತ್ತಾದ ಕೂಡಲೇ ಅಲ್ಲಿಂದ ಸಾಗಾಟದ ದಿನಗಳನ್ನು ಹಿಂದಕ್ಕೆ ಎಣಿಸಿ, ಆ ದಿನದಿಂದಲೇ ಹೊಸ ದರ ಹಾಕಿ. ಘೋಷಣೆ ಕೇಳಿ ಗಾಬರಿಯಾಗಿ ಅವತ್ತೇ ಎಲ್ಲ ಲಿಸ್ಟಿಂಗ್ ಬದಲಾಯಿಸಬೇಡಿ. ಚೀನಾದ ಸರಕಿಗೆ 2025ರ ಏಪ್ರಿಲ್‌ನಲ್ಲಿ ಶೇ 145 ಆದ ಹೆಚ್ಚುವರಿ ಸುಂಕ ಮೇ 14ಕ್ಕೆ ಶೇ 30 ಆಗಿತ್ತು. ಆ ನಡುವೆ ಬೆಲೆ ಏರಿಸಿ, ಗಿರಾಕಿ ಕಳೆದುಕೊಂಡು, ಮತ್ತೆ ಇಳಿಸಿದವರಿಗೆ ಎರಡೂ ಕಡೆ ನಷ್ಟ. ಸುಂಕ ಬೇರೆ ಸಾಲಿನಲ್ಲಿದ್ದರೆ ಈ ಗೋಳೇ ಇಲ್ಲ: ಶರ್ಟಿನ ಬೆಲೆ ಹಾಗೇ ಇರುತ್ತದೆ, ಬದಲಾಗುವುದು ಆ ಒಂದು ಸಾಲು ಮಾತ್ರ.

ಗಿರಾಕಿಯ ದೇಶದಲ್ಲೇ ದಾಸ್ತಾನು ಇಟ್ಟರೆ ಹೇಗೆ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ದೊಡ್ಡವರು ಮಾಡಿದ್ದು ಅದನ್ನೇ. 2025ರ ಮೇ ತಿಂಗಳಲ್ಲಿ ಟೆಮು ಅನ್ನುವ ದೊಡ್ಡ ಆನ್‌ಲೈನ್ ಮಾರುಕಟ್ಟೆ ಚೀನಾದಿಂದ ಅಮೆರಿಕದ ಗಿರಾಕಿಗೆ ನೇರವಾಗಿ ಕಳಿಸುವುದನ್ನು ನಿಲ್ಲಿಸಿ ಅಮೆರಿಕದೊಳಗಿನ ದಾಸ್ತಾನಿಗೆ ತಿರುಗಿತು. ಇದರ ಹಿಂದೆ ಒಳ್ಳೆಯ ಲೆಕ್ಕವೂ ಇದೆ. ಒಂದೊಂದೇ ಪಾರ್ಸೆಲ್ ಕಳಿಸಿದರೆ ಸುಂಕ ಗಿರಾಕಿ ಕೊಟ್ಟ ಚಿಲ್ಲರೆ ಬೆಲೆಗೆ. ಸಗಟಾಗಿ ಆಮದು ಮಾಡಿದರೆ ಸಗಟು ಬೆಲೆಗೆ. 32ರ ಮೇಲೆ ಶೇ 20 ಅನ್ನುವುದಕ್ಕೂ 14ರ ಮೇಲೆ ಶೇ 20 ಅನ್ನುವುದಕ್ಕೂ ಬಹಳ ಅಂತರ. ಆದರೆ ಒಂದು ಮಾತನ್ನು ಎಷ್ಟೋ ಜನ ಹೇಳುವುದಿಲ್ಲ: ಅಲ್ಲಿ ನಿಮ್ಮಿಂದ ನಿಜವಾಗಿ ಕೊಂಡುಕೊಳ್ಳುವ ಇನ್ನೊಬ್ಬರು ಇದ್ದರೆ ಮಾತ್ರ ಆ ಸಗಟು ಬೆಲೆಗೆ ಅರ್ಥ. ನಿಮ್ಮ ಸರಕನ್ನು ನೀವೇ ನಿಮ್ಮ ಗೋದಾಮಿಗೆ ಕಳಿಸಿಕೊಂಡರೆ ಅಲ್ಲಿ ಮಾರಾಟವೇ ಆಗಿಲ್ಲ. ಆಗ ಕಸ್ಟಮ್ಸ್ ಬೆಲೆ ಕಟ್ಟುವ ವಿಧಾನ ಬೇರೆ, ಮಾರುವ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದೂ ಉಂಟು. ಇನ್ನೊಂದು, ದಾಖಲೆಯಲ್ಲಿ ಆಮದುದಾರ ಅಂತ ಯಾರದಾದರೂ ಹೆಸರು ಬೇಕು. ಸುಂಕಕ್ಕೂ ತಪ್ಪಿಗೂ ಅವರೇ ಹೊಣೆ. ಮಾರ್ಕೆಟ್‌ಪ್ಲೇಸ್‌ನ ಗೋದಾಮು ನಿಮ್ಮ ಪರವಾಗಿ ಆಮದುದಾರ ಆಗುತ್ತದೆ ಅಂತ ನಂಬಿ ಹೊರಡಬೇಡಿ. ಮಾರಾಟವಾಗದ ಶರ್ಟಿಗೂ ಸುಂಕ ಮೊದಲೇ ಕಟ್ಟಿಯಾಗಿರುತ್ತದೆ ಅನ್ನುವುದೂ ನೆನಪಿರಲಿ. ತಿಂಗಳಿಗೆ ಒಂದೇ ವಿನ್ಯಾಸ ನೂರಾರು ಹೋಗುತ್ತಿದ್ದರೆ ಒಬ್ಬ ಕಸ್ಟಮ್ಸ್ ಬ್ರೋಕರ್ ಹತ್ತಿರ ಕೂತು ಮಾತಾಡಿ. ಹತ್ತಿಪ್ಪತ್ತು ಹೋಗುತ್ತಿದ್ದರೆ ಈ ದಾರಿ ಬೇಡ.

ಬೆಲೆ ಕಡಿಮೆ ತೋರಿಸಿ, ‘ಗಿಫ್ಟ್’ ಅಂತ ಬರೆಯಿರಿ, ಎರಡು ಪಾರ್ಸೆಲ್ ಮಾಡಿ ಕಳಿಸಿ: ಈ ಮೂರು ಸಲಹೆ ನಿಮಗೆ ಖಂಡಿತ ಬಂದಿರುತ್ತವೆ. ಮೂರೂ ಬೇಡ. ಮಾರಿದ ವಸ್ತು ಗಿಫ್ಟ್ ಆಗುವುದಿಲ್ಲ. ನಿಮ್ಮ ಲಿಸ್ಟಿಂಗ್‌ನ ಬೆಲೆ ಇಡೀ ಜಗತ್ತಿಗೆ ಕಾಣುತ್ತಿರುತ್ತದೆ, ಕಸ್ಟಮ್ಸ್‌ನವರಿಗೂ ಕಾಣುತ್ತದೆ. ಒಂದು ಸಲ ಗುರುತಾದರೆ ನಿಮ್ಮ ಹೆಸರಿನ ಪ್ರತಿ ಪಾರ್ಸೆಲ್ಲೂ ತಪಾಸಣೆಗೆ ನಿಲ್ಲಬಹುದು. ಇನ್‌ಶೂರೆನ್ಸ್ ಸಿಗುವುದೂ ತೋರಿಸಿದ ಬೆಲೆಗೆ ಮಾತ್ರ.

ರಿಟರ್ನ್ ಬಗ್ಗೆ ಈಗಲೇ ನೀತಿ ಬರೆದುಕೊಳ್ಳಿ. ಸರಕು ವಾಪಸ್ ಬಂದ ಮಾತ್ರಕ್ಕೆ ಕಟ್ಟಿದ ಸುಂಕ ತಾನಾಗಿ ವಾಪಸ್ ಬರುವುದಿಲ್ಲ. ಡ್ರಾಬ್ಯಾಕ್ ಅಂತ ಮರುಪಾವತಿಯ ವ್ಯವಸ್ಥೆ ಇದೆ, ಆದರೆ ಆರೇಳು ಡಾಲರ್‌ಗಾಗಿ ಅದರ ಕಾಗದಪತ್ರ ಮಾಡುವುದು ಲೆಕ್ಕಕ್ಕೆ ಬರುವುದಿಲ್ಲ. ಯುರೋಪಿನ ಗಿರಾಕಿಗೆ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕಿದೆ. ಹಾಗಾಗಿ ಸೈಜ್ ತಪ್ಪಿ ಬರುವ ರಿಟರ್ನ್ ನಿಮಗೆ ಮೊದಲಿಗಿಂತ ದುಬಾರಿ. ಎದೆಯಳತೆ, ಉದ್ದ, ಭುಜ ಮೂರನ್ನೂ ಸೆಂಟಿಮೀಟರ್‌ನಲ್ಲೂ ಇಂಚಿನಲ್ಲೂ ಕೊಡಿ. ಸುಂಕ ಏರಿದ ಮೇಲೆ ಅಳತೆಯ ಪಟ್ಟಿ ಕೂಡ ದುಡ್ಡು ಉಳಿಸುವ ಸಾಧನ.

ಇನ್ನು, ಯಾವುದನ್ನು ನಿಲ್ಲಿಸಬೇಕು? ದೇಶವನ್ನು ಬಿಡುವ ಬದಲು ವಸ್ತುವನ್ನು ಬಿಡಿ. ಬೆಲೆ ಕಡಿಮೆ ಇರುವ ವಸ್ತುವಿಗೆ ಹೊಡೆತ ಕೊಡುವುದು ಶೇಕಡಾ ಲೆಕ್ಕದ ಸುಂಕಕ್ಕಿಂತ ಪಾರ್ಸೆಲ್‌ಗೆ ಇಷ್ಟು ಅಂತ ಬೀಳುವ ಖರ್ಚು. ಕೊರಿಯರ್‌ನ ಸುಂಕ ಕಟ್ಟುವ ಶುಲ್ಕ 8 ಡಾಲರ್‌ನ ಚೀಲಕ್ಕೂ ಅಷ್ಟೇ, 80 ಡಾಲರ್‌ನ ಜಾಕೆಟ್‌ಗೂ ಅಷ್ಟೇ. ಅಮೆರಿಕ ಆಗಸ್ಟ್ 2025ರಲ್ಲಿ ಅಂಚೆ ಪಾರ್ಸೆಲ್‌ಗಳಿಗೆ ಮೊದಲ ಆರು ತಿಂಗಳಿಗೆ ಇಟ್ಟ ಒಂದು ಆಯ್ಕೆಯಲ್ಲಿ ಒಂದು ವಸ್ತುವಿಗೆ 80, 160 ಅಥವಾ 200 ಡಾಲರ್ ಅಂತ ಸ್ಥಿರ ಸುಂಕವಿತ್ತು, ಯಾವ ದೇಶದ ಸರಕು ಅನ್ನುವುದರ ಮೇಲೆ. 8 ಡಾಲರ್‌ನ ಚೀಲಕ್ಕೆ ಅದು ಏನಾಗುತ್ತಿತ್ತು ಯೋಚಿಸಿ. ನಿಮ್ಮ ಪ್ರತಿ ವಸ್ತುವಿಗೂ ಪ್ರತಿ ದೇಶಕ್ಕೂ ಒಂದು ಪಟ್ಟಿ ಮಾಡಿ: ಕೋಡ್, ತಯಾರಾದ ದೇಶ, ದರ, ಪಾರ್ಸೆಲ್ ಶುಲ್ಕ, ಉಳಿಯುವ ಹಣ. ಎಲ್ಲಿ ಏನೂ ಉಳಿಯುವುದಿಲ್ಲವೋ ಆ ವಸ್ತುವನ್ನು ಆ ದೇಶಕ್ಕೆ ಒಂಟಿಯಾಗಿ ಮಾರಬೇಡಿ. ಮೂರು ಒಟ್ಟಿಗೆ ಕೊಂಡರೆ ಮಾತ್ರ ಅಂತ ಇಡಿ.

ಕಟ್ಟಿದ ಸುಂಕದ ರಸೀದಿಗಳನ್ನು ದಯವಿಟ್ಟು ಕಾಪಾಡಿ. ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ 2025ರ ಮೇ 28ರಂದು, 1977ರ ತುರ್ತು ಅಧಿಕಾರದ ಕಾನೂನಿನಡಿ ಹಾಕಿದ ಸುಂಕಗಳು ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ವ್ಯಾಜ್ಯ ಮೇಲಿನ ಕೋರ್ಟ್‌ಗಳಿಗೆ ಹೋಯಿತು. ಇಂಥ ಪ್ರಕರಣಗಳಲ್ಲಿ ಹಣ ವಾಪಸ್ ಕೇಳುವ ಹಕ್ಕು ಸಾಮಾನ್ಯವಾಗಿ ದಾಖಲೆಯಲ್ಲಿ ಆಮದುದಾರ ಅಂತ ಇರುವವರದು. ಅದು ನೀವೋ, ಗಿರಾಕಿಯೋ, ಕೊರಿಯರ್ ಕಂಪನಿಯೋ ಅನ್ನುವುದು ಪ್ರತಿ ಪಾರ್ಸೆಲ್‌ನ ಕಾಗದದಲ್ಲಿದೆ. ಕೊರಿಯರ್ ಕಳಿಸುವ ಸುಂಕದ ಬಿಲ್, ಕಸ್ಟಮ್ಸ್ ದಾಖಲೆಯ ಸಂಖ್ಯೆ, ನಿಮ್ಮ ಇನ್‌ವಾಯ್ಸ್ ಮೂರನ್ನೂ ಆರ್ಡರ್ ನಂಬರ್ ಹೆಸರಿನಲ್ಲಿ ಒಂದೇ ಫೋಲ್ಡರ್‌ನಲ್ಲಿ ಇಡಿ. ನಿಮ್ಮ ಕೊರಿಯರ್ ಇಲ್ಲಿಯವರೆಗೆ ಆ ಬಿಲ್ ಕೊಟ್ಟಿಲ್ಲದಿದ್ದರೆ ಹಳೆಯ ಪಾರ್ಸೆಲ್‌ಗಳದ್ದನ್ನೂ ಸೇರಿಸಿ ಈಗಲೇ ಬರೆದು ಕೇಳಿ.